ಸಕ್ಕರೆ ಬೀಟ್: ತಳಿಯ ಆಯ್ಕೆ ಮತ್ತು ಗೆಡ್ಡೆಯ ಗುಣ

ಬೆಳೆಗಾರ ಸಮುದಾಯಗಳ ತಳಿ ಆಯ್ಕೆಯು ಬಹುಮಟ್ಟಿಗೆ ಕಣ್ಣಳತೆಯನ್ನು ಆಧರಿಸಿದುದು. ಸಕ್ಕರೆ ಬೀಟ್‌ನ ಚರಿತ್ರೆಯು ಈ ಅರಿವಿನ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ.

1747ರಲ್ಲಿ ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಮಾರ್ಗ್ರಾಫ್ ಬೀಟ್‌ನಲ್ಲಿ ಸಕ್ಕರೆಯಿರುವುದನ್ನು ಕಂಡುಕೊಂಡನು. ಆತನ ಶಿಷ್ಯ ಅಖಾರ್ಡ್, ರೈತರು ಮೇವಿಗಾಗಿ ಬೆಳೆಯುತ್ತಿದ್ದ ಬಗೆಗಳನ್ನು ಹೋಲಿಸಿ, ಬಿಳಿ ಸಿಪ್ಪೆ, ಬಿಳಿ ತಿರುಳಿನ ಶಂಕುವಿನಾಕಾರದ ಗೆಡ್ಡೆಯೇ ಯೋಗ್ಯವೆಂದು ನಿರ್ಣಯಿಸಿದನು. ಸೈಲೀಷಿಯಾದ ಕುನೆರ್ನ್‌ನಲ್ಲಿ 1802ರಲ್ಲಿ ಆತನ ಕಾರ್ಖಾನೆ ಕೆಲಸ ಆರಂಭಿಸಿತು. ‘ಬಿಳಿ ಸೈಲೀಷಿಯನ್’ ತಳಿಯೇ ಇಂದಿನ ಸಕ್ಕರೆ ಬೀಟ್‌ಗಳ ಮೂಲ.

ಆದರೆ ಸಕ್ಕರೆಯು ಕಣ್ಣಿಗೆ ಕಾಣದು. ಗೆಡ್ಡೆ ದಪ್ಪವಾದಷ್ಟೂ ಸಾಮಾನ್ಯವಾಗಿ ನೀರಿನ ಪಾಲು ಹೆಚ್ಚಿ ಸಕ್ಕರೆಯ ಪಾಲು ಇಳಿಯುತ್ತದೆ. 1850ರ ದಶಕದಲ್ಲಿ ಫ್ರಾನ್ಸಿನ ಲೂಯಿ ವಿಲ್ಮೊರೆಂ ರಸದ ಸಾಂದ್ರತೆಯನ್ನು ಅಳೆದು, ಪ್ರತಿ ಗೆಡ್ಡೆಯ ಸಂತತಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ ಬೀಜವನ್ನು ಆರಿಸಿದನು. ಮೊದಲು ಸುಮಾರು ಶೇ. 6ರಷ್ಟಿದ್ದ ಸಕ್ಕರೆ ಇಂದು ಶೇ. 16ರಿಂದ 18ಕ್ಕೆ ಏರಿದೆ.

ಸಕ್ಕರೆಯ ಪ್ರಮಾಣವೊಂದೇ ಗುಣವಲ್ಲ. ರಸದಲ್ಲಿರುವ ಪೊಟ್ಯಾಸಿಯಂ, ಸೋಡಿಯಂ ಮತ್ತು ಅಮೈನೊ ಸಾರಜನಕ ಹರಳುಗಟ್ಟುವಿಕೆಗೆ ಅಡ್ಡಿಯಾಗಿ, ಸಕ್ಕರೆಯನ್ನು ಕಾಕಂಬಿಯಲ್ಲೇ ಉಳಿಸುತ್ತವೆ. ಆದುದರಿಂದ ಹೆಚ್ಚು ತೂಕದ ತಳಿ, ಹೆಚ್ಚು ಸಕ್ಕರೆಯ ತಳಿ ಎಂಬ ಭೇದ ಏರ್ಪಟ್ಟಿತು. ತೂಕಕ್ಕೆ ಹಣ ಪಡೆಯುವ ರೈತನಿಗೆ ಮೊದಲನೆಯದು, ಕಾರ್ಖಾನೆಗೆ ಎರಡನೆಯದು ಹಿತ. ಫ್ರಾನ್ಸಿನ 1884ರ ಕಾಯಿದೆಯು ತೆರಿಗೆಯನ್ನು ಸಕ್ಕರೆಯ ಬದಲು ಗೆಡ್ಡೆಯ ತೂಕಕ್ಕೆ ಹೊಂದಿಸಲು ಎಡೆಮಾಡಿದ ಮೇಲೆ ಸಕ್ಕರೆಭರಿತ ತಳಿಗಳಿಗೆ ಬೇಡಿಕೆ ಬಂದಿತು. ಬೀಜದ ಭವಿಷ್ಯವನ್ನು ಹೊಲದಷ್ಟೇ ತಕ್ಕಡಿಯೂ ನಿರ್ಧರಿಸಿತು.

ಈ ಕಟ್ಟುನಿಟ್ಟಿನ ಆಯ್ಕೆಯಿಂದ ತಳಿವೈವಿಧ್ಯ ಕುಗ್ಗಿತು. ರೋಗನಿರೋಧಕ ಗುಣಕ್ಕಾಗಿ ತಳಿವಿಜ್ಞಾನಿಗಳು ಈಗ ಕಡಲತೀರದ ಕಾಡುಬೀಟ್‌ನತ್ತ ಮರಳಿದ್ದಾರೆ. ಒಂದು ಗುಣದ ಗಳಿಕೆಗಾಗಿ ಬಿಟ್ಟುಕೊಟ್ಟುದರ ಬೆಲೆಯು ಬಹುಕಾಲದ ನಂತರ ತಿಳಿಯುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.