ಮೊದಲನೆಯ ಮನೆ: ಬೆಲೆಯೋ, ದಾರಿಯೋ?

ಗೃಹಸ್ಥಾಶ್ರಮಕ್ಕೆ ಗೃಹವೇ ಮೊದಲ ಆಧಾರವು. ಆದರೆ ಸ್ವಂತ ಮನೆಯನ್ನು ಕೊಳ್ಳುವ ಆತುರದಲ್ಲಿ ಅದರ ಬೆಲೆಯನ್ನು ಮಾತ್ರ ನೋಡಿ, ಅಲ್ಲಿಂದ ದಿನವೂ ಕೆಲಸಕ್ಕೆ ಹೋಗಿಬರತಕ್ಕ ದಾರಿಯನ್ನು ಎಣಿಸದಿರುವವರು ಬಹಳ ಮಂದಿ. ಈಚೆಗೆ ನನ್ನ ಹಳೆಯ ಶಿಷ್ಯನೊಬ್ಬನು ಇದೇ ಚಿಂತೆಯನ್ನು ಹೊತ್ತು ಬಂದನು. ಅವನಿಗೆ ಬಳ್ಳಾರಿ ನಗರದಲ್ಲಿ ಉದ್ಯೋಗ. ಹೆಂಡತಿಯು ಮನೆಯಲ್ಲಿ ಹೊಲಿಗೆಯಿಂದ ಸ್ವಲ್ಪ ಸಂಪಾದಿಸುವಳು. ನಾಲ್ಕು ವರ್ಷದ ಮಗಳು. "ಮೇಷ್ಟ್ರೇ, ಬಳ್ಳಾರಿಯ ಅಂಚಿನಲ್ಲಿ ಒಂದು ಮನೆಗೆ 25 ಲಕ್ಷ ಕೇಳುತ್ತಾರೆ. ಅಂಥದೇ ಮನೆ ಕುರುಗೋಡಿನಲ್ಲಿ 21 ಲಕ್ಷಕ್ಕೂ ಸಿರುಗುಪ್ಪದಲ್ಲಿ 20 ಲಕ್ಷಕ್ಕೂ ಸಿಕ್ಕುತ್ತದೆ. ನಾಳಿದ್ದು ಸಿರುಗುಪ್ಪದ ಮನೆಗೆ ಮುಂಗಡ ಕೊಡುತ್ತೇನೆ" ಎಂದನು. ನಾನು ಕಾಗದವನ್ನೂ ಲೇಖನಿಯನ್ನೂ ಕೊಟ್ಟು ಅವನನ್ನು ಕುಳ್ಳಿರಿಸಿದೆನು. ಆ ದಿನ ಹಾಕಿದ ಲೆಕ್ಕವು ಇತರ ಗೃಹಸ್ಥರಿಗೂ ಉಪಯುಕ್ತವಾದೀತೆಂದು ಇಲ್ಲಿ ಬರೆದಿದ್ದೇನೆ.

ಧನವಿಚಾರ

ಮನೆಯ ಸಾಲದ ಕಂತು ಆದಾಯದ ಮೂರರಲ್ಲೊಂದು ಪಾಲನ್ನು ಮೀರದಿರುವುದು ಕ್ಷೇಮವು. ಇವರಿಬ್ಬರ ಆದಾಯವು ತಿಂಗಳಿಗೆ 54,000 ರೂಪಾಯಿ; ಆದುದರಿಂದ ಕಂತಿನ ಮಿತಿ 18,000. ನೂರಕ್ಕೆ 9ರ ಬಡ್ಡಿಯಲ್ಲಿ 20 ವರ್ಷದ ಸಾಲಕ್ಕೆ ಲಕ್ಷವೊಂದಕ್ಕೆ ತಿಂಗಳಿಗೆ ಸುಮಾರು 900 ರೂಪಾಯಿ ಬೀಳುವುದರಿಂದ, ಅವನು ಹೊರಬಹುದಾದ ಸಾಲವು 20 ಲಕ್ಷ. ಅದಕ್ಕೆ ಕೊನೆಗೆ ತೆರುವ ಮೊತ್ತವಾದರೋ 43 ಲಕ್ಷಕ್ಕೂ ಮೇಲು! ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲಗಳಲ್ಲಿ ಮನೆಯ ಬೆಲೆಯ ನೂರಕ್ಕೆ 90ರಷ್ಟನ್ನು ಬ್ಯಾಂಕು ಕೊಡಬಹುದು, ಕೊಡಬಹುದಾದುದೆಲ್ಲವೂ ಪಡೆಯತಕ್ಕದ್ದಲ್ಲ.

ನೋಂದಣಿಯ ವೆಚ್ಚವನ್ನು ಅನೇಕರು ಮರೆಯುವರು. ಮುದ್ರಾಂಕ ಶುಲ್ಕವು ಸಾಮಾನ್ಯವಾಗಿ ನೂರಕ್ಕೆ 5. ಅದರ ಮೇಲೆ ಉಪಕರಗಳು. ನೋಂದಣಿ ಶುಲ್ಕವು 2025ನೆಯ ಆಗಸ್ಟ್ 31ರಿಂದ ನೂರಕ್ಕೆ 1ರಿಂದ 2ಕ್ಕೆ ಏರಿತು. 25 ಲಕ್ಷದ ಮನೆಗೆ ಇದೆಲ್ಲ ಸೇರಿ 2 ಲಕ್ಷದ ಸಮೀಪವಾಗುವುದು. ಶಿಷ್ಯನು ಕೂಡಿಟ್ಟಿದ್ದುದು 8 ಲಕ್ಷ. ನೋಂದಣಿಗೆ 2, ಮನೆಗೆ 5. ಉಳಿದ 1 ಲಕ್ಷವನ್ನು ರೋಗರುಜಿನಗಳ ಕಾಲಕ್ಕೆಂದು ಮುಟ್ಟದೆ ಇಡಬೇಕೆಂದೆನು.

ಮಾರ್ಗವಿಚಾರ

ಸಿರುಗುಪ್ಪವು ಬಳ್ಳಾರಿಗೆ ಸುಮಾರು 55 ಕಿಲೋಮೀಟರು, ದಾರಿಯಲ್ಲಿ ತೆಕ್ಕಲಕೋಟೆ. ಹೋಗಿಬರಲು ದಿನಕ್ಕೆ 110, ತಿಂಗಳಿಗೆ 25 ದಿನದಂತೆ 2,750 ಕಿಲೋಮೀಟರು. ಮೋಟಾರು ಸೈಕಲ್ಲು ಲೀಟರಿಗೆ 45 ಕಿಲೋಮೀಟರು ಓಡುವುದಾದರೆ 61 ಲೀಟರು ಪೆಟ್ರೋಲು. ಲೀಟರಿಗೆ ನೂರು ರೂಪಾಯಿಯೆಂದೇ ಹಿಡಿದರೂ 6,100 ರೂಪಾಯಿ. ಆದರೆ ಅಗ್ಗದ ಮನೆಯಿಂದ ಕಂತಿನಲ್ಲಿ ಉಳಿಯುವುದು 5 ಲಕ್ಷಕ್ಕೆ 4,500 ಮಾತ್ರ. ಅಗ್ಗವೆಂದು ತೋರಿದ ಮನೆಯೇ ದುಬಾರಿಯಾಯಿತು!

ಕುರುಗೋಡು ಸುಮಾರು 28 ಕಿಲೋಮೀಟರು. ಪೆಟ್ರೋಲಿಗೆ 3,100; ಕಂತಿನಲ್ಲಿ ಉಳಿತಾಯ 3,600. ಲಾಭವು ಐನೂರೇ ರೂಪಾಯಿ. ಗಾಡಿಯ ರಿಪೇರಿಯು ಅದನ್ನೂ ನುಂಗೀತು. ಬಸ್ಸಿನಲ್ಲಿ ಹೋದರೆ ವೆಚ್ಚ ತಗ್ಗುವುದು, ಕಾಲ ಹೆಚ್ಚುವುದು. ಕೆಲಸಕ್ಕೆ ಹೋಗತಕ್ಕವರು ಸ್ತ್ರೀಯರಾದರೆ ಲೆಕ್ಕವೇ ಬೇರೆ: 2023ನೆಯ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಪ್ರಯಾಣವು ಉಚಿತವಾಯಿತು. ಆದರೂ ದಾರಿಯಲ್ಲಿ ಕಳೆಯುವ ಹೊತ್ತು ಯಾರಿಗೂ ಉಚಿತವಲ್ಲ. ದಿನಕ್ಕೆ ಮೂರು ಗಂಟೆಯೆಂದರೆ ತಿಂಗಳಿಗೆ 75 ಗಂಟೆ.

ಸ್ಥಳವಿಚಾರ

ನಮ್ಮ ಸೀಮೆಯ ಎರೆಭೂಮಿಯು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದು. ಬತ್ತಕ್ಕೆ ವರವಾದ ಈ ಮಣ್ಣು ಗೋಡೆಗೆ ಶತ್ರುವು. ಅಡಿಪಾಯವು ಎಷ್ಟು ಆಳ, ಅದರ ಮೇಲೆ ಕಾಂಕ್ರೀಟಿನ ತೊಲೆಯುಂಟೋ ಎಂದು ಕೇಳಿ, ಗೋಡೆಯ ಮೂಲೆಗಳಲ್ಲಿ ಓರೆಯಾದ ಬಿರುಕುಗಳನ್ನು ಹುಡುಕಬೇಕು. ತುಂಗಭದ್ರೆಯ ದಡದ ಊರುಗಳಲ್ಲಿ 2009ರ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ನೆರೆಯ ವೃದ್ಧರನ್ನು ಕೇಳತಕ್ಕದ್ದು. ಕುಡಿಯುವ ನೀರು ಎಷ್ಟು ದಿನಕ್ಕೊಮ್ಮೆ ಬರುವುದೆಂಬುದನ್ನು ಮಾರುವವನಿಂದಲ್ಲ, ಪಕ್ಕದ ಮನೆಯ ಗೃಹಿಣಿಯಿಂದ ತಿಳಿಯಬೇಕು. ನಿವೇಶನದ ಭೂಪರಿವರ್ತನೆಯ ಆದೇಶ, ಇ-ಖಾತೆ, ಋಣಭಾರ ಪ್ರಮಾಣಪತ್ರ, ಗ್ರಾಮ ಪಂಚಾಯಿತಿಯಲ್ಲಾದರೆ 9 ಮತ್ತು 11ನೆಯ ನಮೂನೆಗಳು, ಇವನ್ನು ವಕೀಲರು ನೋಡುವ ಮೊದಲು ಒಂದು ಕಾಸನ್ನೂ ಮುಂಗಡವಾಗಿ ಕೊಡಲಾಗದು.

ಇಷ್ಟಾದ ಮೇಲೆ ಶಿಷ್ಯನು, "ಆದರೂ ಸಿರುಗುಪ್ಪದ ಮನೆಯಲ್ಲಿ ಅಂಗಳ ದೊಡ್ಡದು" ಎಂದನು. ಆಗ ನಾನು ನನ್ನದೇ ಸಂಗತಿಯನ್ನು ಹೇಳಬೇಕಾಯಿತು. ಉಪಾಧ್ಯಾಯನಾದ ಹೊಸತರಲ್ಲಿ ಬಾಡಿಗೆ ಕಡಿಮೆಯೆಂದು ದೂರದ ಊರಿನಲ್ಲಿ ಮನೆಮಾಡಿ ಆರು ವರ್ಷ ಬಳ್ಳಾರಿಗೆ ಓಡಾಡಿದೆನು. ನಾನು ಹೊರಡುವಾಗಲೂ ಹಿಂದಿರುಗುವಾಗಲೂ ಮಗಳು ನಿದ್ರಿಸುತ್ತಿದ್ದಳು. ಒಮ್ಮೆ ನೆಂಟರೊಬ್ಬರು "ನಿಮ್ಮಪ್ಪ ಎಲ್ಲಿ?" ಎಂದು ಕೇಳಲು ಮಗುವು "ಅವರು ಭಾನುವಾರ ಬರುತ್ತಾರೆ" ಎಂದಿತು. ಉಳಿಸಿದ ಬಾಡಿಗೆಯ ಮೊತ್ತವು ನನಗೀಗ ನೆನಪಿಲ್ಲ. ಆ ಮಾತು ನೆನಪಿದೆ.

ಶಿಷ್ಯನು ಮುಂಗಡ ಕೊಡಲಿಲ್ಲ. ವಾರವೊಂದು ಎರಡು ದಾರಿಗಳಲ್ಲಿಯೂ ಕಚೇರಿಯ ಹೊತ್ತಿಗೆ ಸರಿಯಾಗಿ ಓಡಾಡಿ ನೋಡಿ, ಕೊನೆಗೆ ಬಳ್ಳಾರಿಯ ಅಂಚಿನ ಮನೆಯನ್ನೇ ಕೊಂಡನು. ಕುರುಗೋಡಿನಲ್ಲಿ ಮಗುವನ್ನು ನೋಡಿಕೊಳ್ಳುವ ಹಿರಿಯರಿದ್ದಿದ್ದರೆ ಅಲ್ಲಿಯೇ ಕೊಳ್ಳೆಂದು ಹೇಳುತ್ತಿದ್ದೆನು. ಎಲ್ಲರಿಗೂ ಒಂದೇ ಉತ್ತರವಿಲ್ಲ. ಅವನ ಮನೆಗೆ ಅಂಗಳವಿಲ್ಲ. ಆದರೆ ದೀಪ ಹಚ್ಚುವ ಹೊತ್ತಿಗೆ ಮನೆಯ ಯಜಮಾನನು ಮನೆಯಲ್ಲಿರುವನು.