ಉಳಿದವರು ಯಾಕೆ ಉಳಿದರು?

1969ರ ಆಗಸ್ಟ್ 17ರ ರಾತ್ರಿ ಕ್ಯಾಮಿಲ್ ಚಂಡಮಾರುತ ಅಮೆರಿಕದ ಮಿಸಿಸಿಪಿ ಕರಾವಳಿಗೆ ಬಂದು ಬಡಿಯಿತು. ಪಾಸ್ ಕ್ರಿಶ್ಚಿಯನ್ ಎಂಬ ಸಣ್ಣ ಊರಿನ ಸಮುದ್ರದಂಡೆಯಲ್ಲಿ ರಿಶೆಲ್ಯೂ ಎಂಬ ಮೂರು ಮಹಡಿಯ ವಸತಿ ಕಟ್ಟಡವೊಂದಿತ್ತು. ಬೆಳಗಾದಾಗ ಅದರ ತಳಪಾಯ ಮಾತ್ರ ಉಳಿದಿತ್ತು. ಆಮೇಲೆ ಕತೆಯೊಂದು ಹಬ್ಬಿತು. ಊರು ಬಿಡಿ ಎಂದು ಹೇಳಿದರೂ ಅಲ್ಲಿದ್ದವರು ಕೇಳಲಿಲ್ಲವಂತೆ, ಬರುವ ಬಿರುಗಾಳಿಯನ್ನೇ ನೆಪ ಮಾಡಿಕೊಂಡು ಕುಡಿದು ಕುಣಿಯುತ್ತಿದ್ದರಂತೆ, ಇಪ್ಪತ್ತಕ್ಕೂ ಹೆಚ್ಚು ಜನರಲ್ಲಿ ಒಬ್ಬಳು ಮಾತ್ರ ಬದುಕಿದಳಂತೆ. ಟೀವಿಯಲ್ಲಿ ಬಂತು, ಪತ್ರಿಕೆಗಳಲ್ಲಿ ಬಂತು, ದಶಕಗಳ ಕಾಲ ಎಚ್ಚರಿಕೆಯ ಪಾಠವಾಗಿ ಓಡಾಡಿತು.

ಆ ಪಾರ್ಟಿ ನಡೆದೇ ಇರಲಿಲ್ಲ ಎಂದು ಅದೇ ಕಟ್ಟಡದಿಂದ ಬದುಕಿ ಬಂದ ಬೇರೆಯವರು ಮತ್ತೆ ಮತ್ತೆ ಹೇಳಿದರು. ಹಗಲೆಲ್ಲ ಕಿಟಕಿಗಳಿಗೆ ಹಲಗೆ ಹೊಡೆದು ಅವರು ಸುಸ್ತಾಗಿದ್ದರು. ಕಟ್ಟಡ ಗಟ್ಟಿಯಾಗಿದೆ, ತಡೆದುಕೊಳ್ಳುತ್ತದೆ ಎಂದು ನಂಬಿದ್ದರು. ಸತ್ತವರ ಸಂಖ್ಯೆಯೂ ಕತೆಯಲ್ಲಿದ್ದದ್ದಕ್ಕಿಂತ ಬಹಳ ಕಡಿಮೆ. ಆದರೂ ಕತೆ ಸಾಯಲಿಲ್ಲ. ನನಗೆ ಕಾಣುವ ಕಾರಣ ಇದು: ಸತ್ತವರು ತಾವೇ ತಪ್ಪು ಮಾಡಿಕೊಂಡರು ಎಂದಾದರೆ ಬದುಕಿರುವವರಿಗೆ ನಿದ್ದೆ ಬರುತ್ತದೆ. ಮಾಡಿದ್ದುಣ್ಣೋ ಮಹರಾಯ ಎಂದು ಹೇಳಿ ಮುಂದೆ ಹೋಗಬಹುದು. ಆದೇಶ ಬಂದರೂ ಉಳಿದವರು ಯಾಕೆ ಉಳಿದರು ಎಂದು ನಿಜವಾಗಿ ತಿಳಿಯಹೊರಟವರು ಅರ್ಧ ಶತಮಾನ ಈ ಬಗೆಯ ಕತೆಗಳ ಎದುರು ಕೆಲಸ ಮಾಡಬೇಕಾಯಿತು.

ಹುಡುಕಾಟ ಕ್ಯಾಮಿಲ್‌ಗಿಂತ ಮೊದಲೇ ಶುರುವಾಗಿತ್ತು. 1961ರಲ್ಲಿ ಕಾರ್ಲಾ ಚಂಡಮಾರುತ ಬಂದಾಗ ಟೆಕ್ಸಸ್ ಮತ್ತು ಲೂಸಿಯಾನ ಕರಾವಳಿಯಿಂದ ಲಕ್ಷಾಂತರ ಜನ ಹೊರಟರು. ಟೆಕ್ಸಸ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಹ್ಯಾರಿ ಮೂರ್ ತಮ್ಮ ತಂಡದೊಂದಿಗೆ ಹೋಗಿ ಹೊರಟವರನ್ನೂ ಉಳಿದವರನ್ನೂ ಕೇಳಿ ಬರೆದುಕೊಂಡರು. ಇನ್ನೊಂದು ಮುಖ್ಯ ಸುಳಿವು ಸಮುದ್ರವೇ ಇಲ್ಲದ ಕಡೆ ಸಿಕ್ಕಿತು. 1965ರ ಜೂನ್ 16ರಂದು ಡೆನ್ವರ್ ನಗರದಲ್ಲಿ ಸೌತ್ ಪ್ಲಾಟ್ ನದಿ ಉಕ್ಕಿತು. ಥಾಮಸ್ ಡ್ರಾಬೆಕ್ ಎಂಬ ತರುಣ ಸಂಶೋಧಕರು ಆ ನೆರೆಗೆ ಸಿಕ್ಕ ಕುಟುಂಬಗಳ ಜತೆ ಮಾತಾಡಿದಾಗ, ಎಚ್ಚರಿಕೆ ಕೇಳಿದ ಕೂಡಲೇ ಓಡಿದವರು ಹೆಚ್ಚು ಇರಲಿಲ್ಲ. ಜನ ಮೊದಲು ನಂಬಲಿಲ್ಲ. ಪಕ್ಕದ ಮನೆಯವರನ್ನು ಕೇಳಿದರು, ಅಣ್ಣನಿಗೋ ಅತ್ತೆಗೋ ಫೋನು ಮಾಡಿದರು, ರೇಡಿಯೋ ತಿರುಗಿಸಿದರು, ಹೊರಗೆ ಬಂದು ನೋಡಿದರು. ಮನೆಮಂದಿ ಒಟ್ಟಾದ ಮೇಲೆ ಒಟ್ಟಾಗಿಯೇ ಹೊರಟರು. ನಮ್ಮಲ್ಲಿಗೆ ಬನ್ನಿ ಎಂದು ನೆಂಟರು ಕರೆದಿದ್ದು ಎಷ್ಟೋ ಮನೆಗಳಲ್ಲಿ ಪೊಲೀಸರ ಧ್ವನಿವರ್ಧಕಕ್ಕಿಂತ ಹೆಚ್ಚು ಕೆಲಸ ಮಾಡಿತ್ತು. ಊರು ಬಿಡುವ ತೀರ್ಮಾನ ಒಬ್ಬನ ತಲೆಯಲ್ಲಿ ಆಗುವುದಲ್ಲ, ಮನೆಯಲ್ಲಿ ಆಗುವುದು. ಇಂದು ಇದು ಸರಳವಾಗಿ ಕಾಣುತ್ತದೆ. ಆದರೆ ಆಗಿನ ಸರಕಾರಿ ಯೋಜನೆಗಳ ಎದುರಿಗಿದ್ದದ್ದು ಆದೇಶ ಕೇಳುವ ಒಬ್ಬಂಟಿ ನಾಗರಿಕ ಮಾತ್ರ.

ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರಜ್ಞ ಜೇ ಬೇಕರ್ 1991ರಲ್ಲಿ ಹೊಸ ಸಮೀಕ್ಷೆಯೊಂದನ್ನು ಸೇರಿಸುವ ಬದಲು ಇದ್ದವನ್ನೆಲ್ಲ ಒಟ್ಟಿಗೆ ಹರಡಿ ಓದಿದರು. ಅವರ ಮುಂದಿದ್ದದ್ದು 1961ರಿಂದ 1989ರವರೆಗಿನ 12 ಚಂಡಮಾರುತಗಳ ನಂತರ ನಡೆದ ಸಮೀಕ್ಷೆಗಳು. ವಯಸ್ಸು, ಓದು, ಹಿಂದೆ ಚಂಡಮಾರುತ ಕಂಡ ಅನುಭವ ಇವೆಲ್ಲ ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂಬುದನ್ನು ಅಷ್ಟಾಗಿ ಹೇಳಲಿಲ್ಲ. ಹೇಳಿದ್ದು ಬೇರೆ ಸಂಗತಿಗಳು: ಮನೆ ಎಷ್ಟು ತಗ್ಗಿನಲ್ಲಿದೆ, ಅದು ಗಾಲಿಗಳ ಮೇಲೆ ತಂದು ನಿಲ್ಲಿಸಿದ ಹಗುರ ಮನೆಯೇ, ಅಧಿಕಾರಿಗಳು ಏನು ಮಾಡಿದರು, ಹೊರಡಬೇಕಾದವರು ತಾವೇ ಎಂದು ಆ ಮನೆಯವರಿಗೆ ತಿಳಿದಿತ್ತೇ. ಕಡೆಯದು ಬಹಳ ಮುಖ್ಯ. ಆದೇಶ ಹೊರಟಿದ್ದ ಪ್ರದೇಶದಲ್ಲೇ ಇದ್ದು, ಅದು ತಮಗೆ ಅನ್ವಯಿಸುತ್ತದೆ ಎಂದು ತಿಳಿಯದವರು ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದ್ದರು. ಮನೆ ಬಾಗಿಲಿಗೆ ಬಂದು ಹೇಳಿದ ಕಡೆ ಹೆಚ್ಚು ಜನ ಹೊರಟಿದ್ದರು.

ಮರುವರ್ಷವೇ, 1992ರಲ್ಲಿ, ಆಂಡ್ರೂ ಚಂಡಮಾರುತ ಮಯಾಮಿಯ ದಕ್ಷಿಣಕ್ಕೆ ಬಡಿಯಿತು. ದೊಡ್ಡ ಕುಟುಂಬಗಳು, ವೃದ್ಧರಿದ್ದ ಮನೆಗಳು, ಕಪ್ಪು ಜನರ ಮನೆಗಳು ಹೊರಟದ್ದು ಕಡಿಮೆ ಎಂದು ಹ್ಯೂ ಗ್ಲ್ಯಾಡ್ವಿನ್ ಮತ್ತು ವಾಲ್ಟರ್ ಪೀಕಾಕ್ ತೋರಿಸಿದರು. ಏಳೆಂಟು ಜನ, ಅಜ್ಜಿ, ಔಷಧಿ, ಒಂದೇ ಕಾರು. ಹೋಟೆಲಿನ ಬಾಡಿಗೆ ಯಾರು ಕೊಡಬೇಕು?

ಈ ಪ್ರಶ್ನೆಯನ್ನು ಅಂಕಿಯಾಗಿ ಬರೆದು ಎಲ್ಲರ ಕಣ್ಣಿಗೆ ಹಿಡಿದವರು ನ್ಯೂ ಆರ್ಲಿಯನ್ಸ್ ವಿಶ್ವವಿದ್ಯಾಲಯದ ಶರ್ಲಿ ಲಾಸ್ಕಾ. 2004ರ ಸೆಪ್ಟೆಂಬರಿನಲ್ಲಿ ಐವನ್ ಚಂಡಮಾರುತ ನ್ಯೂ ಆರ್ಲಿಯನ್ಸ್ ಕಡೆ ಬಂದು ಕೊನೆಗೆ ಪೂರ್ವಕ್ಕೆ ಹೊರಳಿತು. ಊರು ಬಿಟ್ಟವರು ಸುಮಾರು 130 ಕಿಲೋಮೀಟರ್ ದೂರದ ಬ್ಯಾಟನ್ ರೂಜ್ ತಲುಪಲು ಹತ್ತು ಗಂಟೆಗೂ ಮೀರಿ ರಸ್ತೆಯಲ್ಲಿ ಕುಳಿತಿದ್ದರು. ಆ ನವೆಂಬರಿನಲ್ಲಿ ಲಾಸ್ಕಾ ಒಂದು ಲೇಖನ ಬರೆದರು: ಐವನ್ ತಪ್ಪಿ ಹೋಗದೆ ನಮ್ಮ ಮೇಲೆಯೇ ಬಂದಿದ್ದರೆ? ಅವರ ಲೆಕ್ಕ ಯಾರು ಬೇಕಾದರೂ ಪರೀಕ್ಷಿಸಬಹುದಾದಷ್ಟು ನೇರವಾಗಿತ್ತು. ಕಾರಿಲ್ಲದ ಮನೆಗಳು 51,000. ಮನೆಗೆ ಸರಾಸರಿ 2.4 ಜನ. ಒಟ್ಟು ಸುಮಾರು 1,20,000 ಜನರಿಗೆ, ಮನಸ್ಸಿದ್ದರೂ ಹೊರಡಲು ವಾಹನವಿಲ್ಲ. ಚರ್ಚುಗಳ ಮೂಲಕ ಕಾರಿದ್ದವರು ಕಾರಿಲ್ಲದವರನ್ನು ಕರೆದೊಯ್ಯುವ ಏರ್ಪಾಡೊಂದು ಆಗಷ್ಟೇ ಚಿಗುರುತ್ತಿತ್ತು.

ಒಂಬತ್ತು ತಿಂಗಳ ನಂತರ ಕತ್ರೀನಾ ಬಂತು.

ನ್ಯೂ ಆರ್ಲಿಯನ್ಸ್ ಮೇಯರ್ ರೇ ನೇಗಿನ್ ಕಡ್ಡಾಯವಾಗಿ ಊರು ಬಿಡುವ ಆದೇಶ ಹೊರಡಿಸಿದ್ದು 2005ರ ಆಗಸ್ಟ್ 28ರ ಭಾನುವಾರ ಬೆಳಿಗ್ಗೆ. ಚಂಡಮಾರುತ ನೆಲ ಮುಟ್ಟಿದ್ದು ಮರುದಿನ ಬೆಳಿಗ್ಗೆ. ನಡುವೆ ಒಂದು ಹಗಲು, ಒಂದು ರಾತ್ರಿ. ತಿಂಗಳ ಕೊನೆ, ಪಿಂಚಣಿ ಮತ್ತು ನೆರವಿನ ಚೆಕ್ಕುಗಳನ್ನೇ ನಂಬಿ ಬದುಕುವವರ ಕೈ ಬರಿದಾಗಿರುವ ಹೊತ್ತು. ಸುತ್ತಲಿನ ಪ್ರದೇಶವೂ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೊರಟರು, ಅದು ಸಣ್ಣ ಸಾಧನೆಯಲ್ಲ. ಊರಿನೊಳಗೆ ಲಕ್ಷದ ಆಸುಪಾಸಿನಲ್ಲಿ ಜನ ಉಳಿದರು. ಲಾಸ್ಕಾ ಹೇಳಿದ್ದ ಸಂಖ್ಯೆಯ ಹತ್ತಿರಹತ್ತಿರ. ಅವರಿಗೆ ತೋರಿಸಿದ ಕಡೆಯ ಆಸರೆ ಸೂಪರ್‌ಡೋಮ್ ಕ್ರೀಡಾಂಗಣ. ಸಾವಿರಾರು ಜನ ಹೇಳಿದ ಮಾತು ಕೇಳಿಯೇ ಅಲ್ಲಿಗೆ ಹೋದರು. ಏರಿಗಳು ಒಡೆದು ನಗರದ ಶೇಕಡ 80ರಷ್ಟು ಭಾಗ ಮುಳುಗಿತು. ಜನರನ್ನು ಹತ್ತಿಸಿಕೊಳ್ಳಬಹುದಾಗಿದ್ದ ಹಳದಿ ಶಾಲಾ ಬಸ್ಸುಗಳು ನಿಲ್ದಾಣದಲ್ಲೇ ಸಾಲಾಗಿ ನೀರಲ್ಲಿ ನಿಂತ ಫೋಟೋ ಜಗತ್ತೆಲ್ಲ ನೋಡಿತು.

ಅದೇ ವಾರ ರಾಷ್ಟ್ರೀಯ ವಿಪತ್ತು ಸಂಸ್ಥೆಯ ಮುಖ್ಯಸ್ಥ ಮೈಕೆಲ್ ಬ್ರೌನ್ ಟೀವಿಯಲ್ಲಿ ಕಾಣಿಸಿಕೊಂಡು, ಸಾವು ಹೆಚ್ಚುವುದಕ್ಕೆ ಎಚ್ಚರಿಕೆ ಪಾಲಿಸದೆ ಉಳಿದವರೂ ಕಾರಣ ಎಂಬರ್ಥದ ಮಾತಾಡಿದರು. ರಿಶೆಲ್ಯೂ ಪಾರ್ಟಿಯ ಕತೆ ಹೊಸ ವೇಷದಲ್ಲಿ ಬಂದಿತ್ತು.

ಈ ಸಲ ಉತ್ತರ ಬೇಗ ಸಿಕ್ಕಿತು. ಬದುಕಿ ಉಳಿದ ಸಾವಿರಾರು ಜನರನ್ನು ಹ್ಯೂಸ್ಟನ್ನಿನ ಆಶ್ರಯತಾಣಗಳಿಗೆ ಸಾಗಿಸಿದ್ದರು. ಚಂಡಮಾರುತ ಬಂದು ಎರಡು ವಾರ ಕಳೆಯುವುದರೊಳಗೆ ಕೈಸರ್ ಫ್ಯಾಮಿಲಿ ಫೌಂಡೇಶನ್, ವಾಷಿಂಗ್ಟನ್ ಪೋಸ್ಟ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯದ ಪರವಾಗಿ ಸಮೀಕ್ಷಕರು ಅಲ್ಲಿ 680 ಜನರನ್ನು ಮಾತಾಡಿಸಿದರು. ಹತ್ತರಲ್ಲಿ ಆರು ಜನ ಚಂಡಮಾರುತಕ್ಕೆ ಮೊದಲು ಹೊರಟಿರಲಿಲ್ಲ. ಯಾಕೆ ಎಂದರೆ, ಮೂವರಲ್ಲಿ ಒಬ್ಬರು ಕೊಟ್ಟ ಮುಖ್ಯ ಕಾರಣ ಒಂದೇ: ಕಾರಿರಲಿಲ್ಲ, ಹೋಗಲು ದಾರಿಯಿರಲಿಲ್ಲ. ಇಷ್ಟು ದೊಡ್ಡದಾಗಿ ಬರುತ್ತದೆ ಎಂದುಕೊಂಡಿರಲಿಲ್ಲ ಎಂದವರೂ ಗಣನೀಯ ಸಂಖ್ಯೆಯಲ್ಲಿದ್ದರು, ಅದನ್ನು ಮರೆಮಾಚಬೇಕಿಲ್ಲ. ತಾವೇ ನಡೆದಾಡಲಾಗದವರು, ನಡೆದಾಡಲಾಗದವರನ್ನು ನೋಡಿಕೊಳ್ಳುತ್ತಿದ್ದವರು ಹಲವರಿದ್ದರು. ಸುಮ್ಮನೆ ಉಳಿಯಬೇಕೆನಿಸಿ ಉಳಿದೆವು ಎಂದವರು ಸ್ವಲ್ಪವೇ ಜನ.

ಅದೇ ದಿನಗಳಲ್ಲಿ ವೈದ್ಯ ಡೇವಿಡ್ ಐಸೆನ್‌ಮನ್ ಮತ್ತು ಸಂಗಡಿಗರು ಹ್ಯೂಸ್ಟನ್ನಿನ ತಾಣಗಳಲ್ಲಿ 58 ಜನರ ಪಕ್ಕ ಕುಳಿತು, ಪ್ರಶ್ನಾವಳಿ ಬದಿಗಿಟ್ಟು, ಅವರು ಹೇಳಿದ್ದನ್ನೆಲ್ಲ ಕೇಳಿದರು. ನನ್ನ ಮಟ್ಟಿಗೆ ಈ ಇಡೀ ಹುಡುಕಾಟದ ತಿರುಳು ಅಲ್ಲಿದೆ. ಡ್ರಾಬೆಕ್ ಡೆನ್ವರಿನಲ್ಲಿ ಕಂಡದ್ದು ಇಲ್ಲಿ ಬಡತನದ ನಡುವೆ ಮತ್ತೆ ಕಂಡಿತು. ಬಂಧುಬಳಗ ಎರಡೂ ದಿಕ್ಕಿಗೆ ಎಳೆಯುತ್ತಿತ್ತು. ಕಾರು, ದುಡ್ಡು, ಮೇಲಿನ ಊರಲ್ಲಿ ತಂಗಲು ಜಾಗ ಕೊಟ್ಟದ್ದೂ ಬಳಗವೇ. ಎಲ್ಲರೂ ಕಾರಿನಲ್ಲಿ ಹಿಡಿಸುವುದಿಲ್ಲ ಎಂದು ಯಾರೂ ಹೋಗದಂತೆ ಮಾಡಿದ್ದೂ ಬಳಗವೇ. ಅಮ್ಮನನ್ನು ಬಿಟ್ಟು ನಾನು ಹೋಗಲೇ ಎಂಬ ಮಾತಿಗೆ ಯಾವ ಆದೇಶದಲ್ಲೂ ಉತ್ತರವಿರಲಿಲ್ಲ.

ಇನ್ನೊಂದು ಮಾತೂ ಅಲ್ಲಿ ಕೇಳಿತು: ಏರಿಯನ್ನು ಬೇಕೆಂದೇ ಒಡೆದರು. ಕತ್ರೀನಾದ ಮಟ್ಟಿಗೆ ಇದು ನಿಜವಲ್ಲ, ಒಡೆದದ್ದು ಸರಿಯಾಗಿ ಕಟ್ಟದ ಗೋಡೆಗಳು. ಆದರೆ ಮಾತು ಗಾಳಿಯಲ್ಲಿ ಹುಟ್ಟಿರಲಿಲ್ಲ. 1927ರ ಮಹಾಪ್ರವಾಹದಲ್ಲಿ ನ್ಯೂ ಆರ್ಲಿಯನ್ಸ್ ನಗರವನ್ನು ಉಳಿಸಲೆಂದು ಕೆಳಗಿನ ಕೇರ್ನಾರ್ವನ್‌ನಲ್ಲಿ ಏರಿಗೆ ಡೈನಮೈಟ್ ಇಟ್ಟು ಸೇಂಟ್ ಬರ್ನಾರ್ಡ್ ಮತ್ತು ಪ್ಲಾಕ್ವೆಮಿನ್ಸ್ ಪ್ರಾಂತಗಳನ್ನು ಮುಳುಗಿಸಿದ್ದರು. ಮುಳುಗಿದವರಿಗೆ ಸರಿಯಾದ ಪರಿಹಾರವೂ ಸಿಗಲಿಲ್ಲ. ಅಜ್ಜನ ಹೊಲ ಹೀಗೆ ಹೋದದ್ದನ್ನು ಕೇಳುತ್ತ ಬೆಳೆದವರಿಗೆ, ಬಸ್ಸು ಹತ್ತಿ, ನಾವು ಕರೆದುಕೊಂಡು ಹೋಗುತ್ತೇವೆ ಎಂಬ ಸರಕಾರಿ ಮಾತು ಸುಲಭವಾಗಿ ಗಂಟಲಿಗಿಳಿಯುವುದಿಲ್ಲ.

ಉಳಿದವರ ಬಗ್ಗೆ ನೋಡುವವರು ಏನು ಯೋಚಿಸುತ್ತಾರೆ ಎಂಬುದನ್ನೇ ಅಳೆದವರು ನಿಕೋಲ್ ಸ್ಟೀಫನ್ಸ್, ಹೇಜಲ್ ಮಾರ್ಕಸ್ ಮತ್ತು ಸಹಸಂಶೋಧಕರು. ಅವರ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ದೂರದಿಂದ ಕಂಡವರನ್ನೂ, ಸ್ವತಃ ನೆರವಿಗೆ ಹೋಗಿದ್ದ ವೈದ್ಯರು, ಅಗ್ನಿಶಾಮಕರು, ಆಪ್ತಸಮಾಲೋಚಕರನ್ನೂ ಕೇಳಿದರು. ಹೊರಟವರನ್ನು ಜನ ಜಾಣರು, ಜವಾಬ್ದಾರಿಯುಳ್ಳವರು ಎಂದು ಬಣ್ಣಿಸಿದರು. ಉಳಿದವರನ್ನು ಹಟಮಾರಿಗಳು, ಸೋಮಾರಿಗಳು, ಕೈಕಟ್ಟಿ ಕುಳಿತವರು ಎಂದರು. ಮರುಗಿದವರ ಮಾತಿನಲ್ಲೂ ಇದರ ನೆರಳಿತ್ತು. ಬಳಿಕ ಉಳಿದವರನ್ನೇ ಕೇಳಿದಾಗ ಅವರು ಕೈಕಟ್ಟಿ ಕುಳಿತ ಕತೆ ಹೇಳಲಿಲ್ಲ. ನೆರೆಯ ವೃದ್ಧರನ್ನು ನೋಡಿಕೊಂಡದ್ದು, ಇದ್ದದ್ದನ್ನು ಹಂಚಿ ತಿಂದದ್ದು, ಧೈರ್ಯಗೆಡದೆ ನಿಂತದ್ದು, ದೇವರನ್ನು ನಂಬಿದ್ದು, ಇವನ್ನು ಹೇಳಿದರು. ಹೊರಟವರಷ್ಟೇ ಅವರೂ ಏನಾದರೂ ಮಾಡುತ್ತಲೇ ಇದ್ದರು. ಕೈಯಲ್ಲಿ ದುಡ್ಡು, ಕಾರು ಇದ್ದವರು ಪರಿಸ್ಥಿತಿಯನ್ನು ಬದಲಿಸಿಕೊಂಡರು. ಇಲ್ಲದವರು ಪರಿಸ್ಥಿತಿಯೊಳಗೆ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಮೊದಲನೆಯದನ್ನು ಮಾತ್ರ ಆಯ್ಕೆ ಎಂದು ಗುರುತಿಸುವ ಕಣ್ಣಿಗೆ ಎರಡನೆಯದು ಕಾಣಲಿಲ್ಲ.

ನಾಯಿ ಬೆಕ್ಕುಗಳ ವಿಷಯವನ್ನು ಸಣ್ಣದೆಂದು ತಳ್ಳಿಹಾಕಿದವರಿಗೂ ಉತ್ತರ ಬಂತು. ಫ್ರಿಟ್ಜ್ ಇನ್‌ಸ್ಟಿಟ್ಯೂಟ್ 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ತಾವಾಗಿಯೇ ಉಳಿದವರ ಪೈಕಿ ಶೇಕಡ 44ರಷ್ಟು ಜನ ಸಾಕುಪ್ರಾಣಿಯನ್ನು ಬಿಟ್ಟು ಹೋಗಲಾಗದ್ದೂ ಒಂದು ಕಾರಣ ಎಂದಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಅಮೆರಿಕ ಕಾನೂನು ತಂದಿತು: ಕೇಂದ್ರದ ವಿಪತ್ತು ನೆರವು ಬೇಕೆಂದರೆ ರಾಜ್ಯಗಳ ಸ್ಥಳಾಂತರ ಯೋಜನೆಯಲ್ಲಿ ಸಾಕುಪ್ರಾಣಿಗಳಿಗೂ ಜಾಗವಿರಬೇಕು.

ಹುಡುಕಾಟ ಅಲ್ಲಿಗೆ ಮುಗಿದಿದ್ದರೆ ಎಲ್ಲರನ್ನೂ ಹೊರಡಿಸುವುದೇ ಸರಿ ಎಂದು ನಿಲ್ಲಬಹುದಿತ್ತು. ಆದರೆ ಕತ್ರೀನಾ ಬಂದ ತಿಂಗಳೊಳಗೇ ರೀಟಾ ಚಂಡಮಾರುತ ಹ್ಯೂಸ್ಟನ್ ಕಡೆ ತಿರುಗಿತು. ಹೆದರಿದ್ದ ಜನ ಲಕ್ಷಲಕ್ಷ ಸಂಖ್ಯೆಯಲ್ಲಿ ಹೊರಟು ಸುಡುಬಿಸಿಲಿನ ರಸ್ತೆಗಳಲ್ಲಿ ಸಿಕ್ಕಿಕೊಂಡರು. ವೃದ್ಧಾಶ್ರಮದವರನ್ನು ಸಾಗಿಸುತ್ತಿದ್ದ ಬಸ್ಸೊಂದು ಡಲ್ಲಾಸ್ ಬಳಿ ಹೊತ್ತಿಕೊಂಡು 23 ಜನ ಸತ್ತರು. ಚಂಡಮಾರುತಕ್ಕಿಂತ ಊರು ಬಿಡುವ ಓಟವೇ ಹೆಚ್ಚು ಜೀವ ತೆಗೆದುಕೊಂಡಿತು. ಆಮೇಲೆ ಬ್ರೌನ್ ವಿಶ್ವವಿದ್ಯಾಲಯದ ವೈದ್ಯ ಡೇವಿಡ್ ಡೋಸಾ ಮತ್ತು ಸಂಗಡಿಗರು ಕೊಲ್ಲಿ ಕರಾವಳಿಯ ವೃದ್ಧಾಶ್ರಮಗಳ ದಾಖಲೆಗಳನ್ನು ತೆಗೆದು ನೋಡಿದರು. ನಿಶ್ಶಕ್ತರಾದ ವೃದ್ಧರನ್ನು, ಅದರಲ್ಲೂ ಮರೆಗುಳಿತನ ಇರುವವರನ್ನು ಎಬ್ಬಿಸಿ ಸಾಗಿಸುವುದೇ ಸಾವನ್ನು ಹೆಚ್ಚಿಸುತ್ತದೆ ಎಂದು ಕಂಡಿತು. ಇನ್ನೊಂದು ಕಡೆ, ಲೂಸಿಯಾನದಲ್ಲಿ ಕತ್ರೀನಾಕ್ಕೆ ಬಲಿಯಾದವರಲ್ಲಿ ಸುಮಾರು ಅರ್ಧದಷ್ಟು ಜನ 75 ವರ್ಷ ದಾಟಿದವರು. ಅವರಿಗೆ ಹೋಗುವುದೂ ಅಪಾಯ, ಉಳಿಯುವುದೂ ಅಪಾಯ. ಉಳಿದ ಮುದುಕರನ್ನು ಹಟಮಾರಿ ಎಂದವರು ಈ ಎರಡು ಅಪಾಯಗಳನ್ನು ತೂಗಿ ನೋಡಿದವರಲ್ಲ.

ಇಷ್ಟೆಲ್ಲ ತಿಳಿದದ್ದು ವ್ಯರ್ಥವಾಗಲಿಲ್ಲ. 2008ರಲ್ಲಿ ಗುಸ್ತಾವ್ ಚಂಡಮಾರುತ ಬಂದಾಗ ನ್ಯೂ ಆರ್ಲಿಯನ್ಸ್ ನಗರ 17 ಕಡೆ ಬಸ್ಸು ನಿಲ್ಲಿಸಿ, ಕಾರಿಲ್ಲದ ಸಾವಿರಾರು ಜನರನ್ನು ಹೊರಗೆ ಸಾಗಿಸಿತು. ಆ ಜಾಗಗಳಲ್ಲಿ ಈಗ ಕೈಯೆತ್ತಿ ವಾಹನ ನಿಲ್ಲಿಸುತ್ತಿರುವ ಮನುಷ್ಯಾಕಾರದ ಎತ್ತರದ ಉಕ್ಕಿನ ಪ್ರತಿಮೆಗಳಿವೆ. ಓದು ಬಾರದವರಿಗೂ ಬಸ್ಸು ಎಲ್ಲಿ ಬರುತ್ತದೆ ಎಂದು ತಿಳಿಯಲಿ ಎಂಬುದು ಅವುಗಳ ಉಪಯೋಗ.

2021ರ ಆಗಸ್ಟ್ 29ರಂದು, ಕತ್ರೀನಾ ಬಂದ ಅದೇ ದಿನಾಂಕಕ್ಕೆ, ಐಡಾ ಬಂತು. ಅದು ಎಷ್ಟು ಬೇಗ ಬಲಗೊಂಡಿತೆಂದರೆ, ಇಡೀ ನಗರವನ್ನು ಖಾಲಿ ಮಾಡಿಸಲು ಸಮಯವಿಲ್ಲ ಎಂದು ಮೇಯರ್ ಲಟೋಯಾ ಕ್ಯಾಂಟ್ರೆಲ್ ಏರಿಗಳ ಒಳಗಿನ ಪ್ರದೇಶಕ್ಕೆ ಕಡ್ಡಾಯ ಆದೇಶ ಹೊರಡಿಸಲಿಲ್ಲ. ಏರಿಗಳು ಈ ಸಲ ತಡೆದವು. ವಿದ್ಯುತ್ ಹೋಯಿತು, ಮತ್ತೆ ಬರಲು ದಿನಗಳೇ ಹಿಡಿದವು. ಆ ಸೆಕೆಯಲ್ಲಿ ಸತ್ತವರಲ್ಲಿ ವೃದ್ಧರಿಗೆಂದೇ ಕಟ್ಟಿದ ವಸತಿಗಳಲ್ಲಿದ್ದವರೂ ಇದ್ದರು. ಅವರನ್ನು ಕೊಂದದ್ದು ಗಾಳಿಯಲ್ಲ, ನೀರಲ್ಲ. ಮಹಡಿಯಿಂದ ಇಳಿಸಿ ತಂಪಾದ ಕಡೆ ಕರೆದೊಯ್ಯುವವರು ಹೊತ್ತಿಗೆ ಬರಲಿಲ್ಲ.