ಹುಳುವಿನ ಮದ್ದು ಮತ್ತು ಅರ್ಬುದ

ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಈಚೆಗೆ, "ನಾಯಿಗೆ ಕೊಡುವ ಜಂತುಹುಳುವಿನ ಪುಡಿಯಿಂದ ಇದು ಗುಣವಾಗುತ್ತದಂತೆ, ನಿಜವೇ?" ಎಂದು ಕೇಳಿದರು. ಕನ್ನಡ ಮೇಷ್ಟರಿಗೆ ಕೇಳುವ ಪ್ರಶ್ನೆಯಲ್ಲ ಅದು. ಆದರೂ ಅವರ ದನಿಯಲ್ಲಿದ್ದ ಆಸೆ ನನ್ನನ್ನು ಓದಿಗೆ ಹಚ್ಚಿತು.

ಆ ಮದ್ದು ಫೆನ್‌ಬೆಂಡಜೋಲ್. ನಮ್ಮ ಶಾಲಾ ಮಕ್ಕಳಿಗೆ ಜಂತುಹುಳು ನಿವಾರಣೆಗೆಂದು ಕೊಡುವ ಆಲ್ಬೆಂಡಜೋಲಿನ ದಾಯಾದಿ. ಆದರೆ ಇದಕ್ಕಿರುವ ಪರವಾನಗಿ ಪಶುಗಳ ಮಟ್ಟಿಗೆ ಮಾತ್ರ.

ಜೀವಕೋಶದೊಳಗೆ ಟ್ಯೂಬ್ಯುಲಿನ್ ಎಂಬ ಪ್ರೋಟೀನಿನಿಂದ ಕಟ್ಟಿಕೊಂಡ ಅತಿಸೂಕ್ಷ್ಮ ನಾಳಗಳಿವೆ. ಮದ್ದು ಹುಳುವಿನ ಟ್ಯೂಬ್ಯುಲಿನ್ನಿಗೆ ಅಂಟಿ ಆ ನಾಳಗಳನ್ನು ಕೆಡಿಸುತ್ತದೆ. ಸಕ್ಕರೆಯನ್ನು ಹೀರಲಾರದ ಹುಳು ಉಪವಾಸ ಬಿದ್ದು ಸಾಯುತ್ತದೆ. ಕೋಶವು ಎರಡಾಗಿ ಒಡೆಯುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಎಳೆಗಳೂ ಇದೇ ನಾಳಗಳಷ್ಟೆ. ಅಂಕೆಯಿಲ್ಲದೆ ಒಡೆಯುವುದೇ ಅರ್ಬುದದ ಕೋಶದ ಸ್ವಭಾವವಾದ್ದರಿಂದ, ಎಳೆ ಕೆಟ್ಟರೆ ಅದರ ಆಟ ನಿಲ್ಲಬೇಕು. ನಮ್ಮ ಹಿತ್ತಲಿನ ನಿತ್ಯಪುಷ್ಪದಿಂದ ತೆಗೆಯುವ ವಿನ್‌ಕ್ರಿಸ್ಟೀನ್ ಮಾಡುವುದೂ ಇದೇ ಕೆಲಸವನ್ನು. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ, ಫೆನ್‌ಬೆಂಡಜೋಲ್ ಪ್ರಯೋಗಶಾಲೆಯ ಕ್ಯಾನ್ಸರ್ ಕೋಶಗಳನ್ನು ಕೊಂದಿತೆಂದೂ ಇಲಿಗಳಲ್ಲಿ ನೆಟ್ಟ ಗಂತಿಯನ್ನು ಕುಗ್ಗಿಸಿತೆಂದೂ ಪ್ರಕಟಿಸಿದರು. ಹಾಗಾಗಿ ಸುದ್ದಿ ಪೂರ್ತಿ ಗಾಳಿಮಾತೇನೂ ಅಲ್ಲ.

ಆದರೆ ಇಲಿಗೂ ಮನುಷ್ಯನಿಗೂ ನಡುವಿನ ದಾರಿ ಬಲು ಉದ್ದ. ಹುಳು ಇರುವುದು ಕರುಳಿನಲ್ಲಿ. ಮದ್ದು ರಕ್ತಕ್ಕೆ ಹೆಚ್ಚು ಸೇರದೆ ಅಲ್ಲಿಯೇ ಉಳಿಯುವುದು ಅದರ ಗುಣ. ಗಂತಿ ಶ್ವಾಸಕೋಶದಲ್ಲಿದ್ದರೆ ಅದೇ ಗುಣ ದೋಷವಾಗುತ್ತದೆ. ಇದರಿಂದ ಗುಣವಾಯಿತೆಂದು ಸಾರಿ ಲೋಕಪ್ರಸಿದ್ಧರಾದ ಅಮೆರಿಕದ ರೋಗಿ, ಅದೇ ಕಾಲಕ್ಕೆ ಆಸ್ಪತ್ರೆಯ ಹೊಸ ಚಿಕಿತ್ಸೆಯೊಂದರ ಪರೀಕ್ಷೆಯಲ್ಲೂ ಇದ್ದರು. ಕಥೆ ಹರಡುವಾಗ ಈ ಎರಡನೆಯ ಸಂಗತಿ ಹಿಂದೆ ಸರಿಯಿತು. 2019ರಲ್ಲಿ ದಕ್ಷಿಣ ಕೊರಿಯದ ಜನ ಈ ಮದ್ದಿಗೆ ಮುಗಿಬಿದ್ದಾಗ ಅಲ್ಲಿನ ಸರ್ಕಾರವೇ ಎಚ್ಚರಿಕೆ ಕೊಡಬೇಕಾಯಿತು. 2021ರಲ್ಲಿ ಜಪಾನಿನ ವೈದ್ಯರು ಎಂಬತ್ತರ ವಯಸ್ಸಿನ ಮಹಿಳೆಯೊಬ್ಬರ ವಿಷಯ ಬರೆದರು. ಶ್ವಾಸಕೋಶದ ಕ್ಯಾನ್ಸರಿಗೆ ಚಿಕಿತ್ಸೆಯಲ್ಲಿದ್ದ ಆಕೆ ತಾವಾಗಿಯೇ ಇದನ್ನು ಸೇವಿಸಿದ್ದರು. ಯಕೃತ್ತು ಕೆಟ್ಟಿತು, ನಿಲ್ಲಿಸಿದ ಮೇಲೆ ಸುಧಾರಿಸಿತು, ಗಂತಿ ಮಾತ್ರ ಕುಗ್ಗಲಿಲ್ಲ.

ಹುಳುವಿನ ಮದ್ದೊಂದು ಆಸ್ಪತ್ರೆಯ ಬಾಗಿಲು ದಾಟಿದ್ದೂ ಉಂಟು. ಕುರಿಗಳಿಗೆ ಕೊಡುವ ಲೆವಮಿಸೋಲನ್ನು ಅಮೆರಿಕ 1990ರಲ್ಲಿ ದೊಡ್ಡಕರುಳಿನ ಕ್ಯಾನ್ಸರಿಗೆ ಬೇರೊಂದು ಔಷಧದ ಜೊತೆ ಕೊಡಲು ಒಪ್ಪಿತು. ಮನುಷ್ಯರ ಮಾತ್ರೆಗೆ ಕುರಿಯ ಮಾತ್ರೆಯ ನೂರರಷ್ಟು ಬೆಲೆಯೆಂದು, ಪರೀಕ್ಷೆ ನಡೆಸಿದ ಡಾ. ಚಾರ್ಲ್ಸ್ ಮೋರ್ಟೆಲ್ ಅವರೇ 1992ರಲ್ಲಿ ಸಿಟ್ಟಾದರು. ವಿಚಿತ್ರವೆಂದರೆ, ಫಲ ಕೊಟ್ಟದ್ದು ಜೊತೆಗಿದ್ದ ಔಷಧವೇ ಎಂದು ಮುಂದಿನ ಪರೀಕ್ಷೆಗಳು ತೋರಿಸಿದವು. ಲೆವಮಿಸೋಲ್ ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತಿತ್ತು. 2000ದ ಹೊತ್ತಿಗೆ ಅಲ್ಲಿ ಅದರ ಮಾರಾಟವೂ ನಿಂತಿತು. ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ಎಣಿಸಿ ನೋಡದೆ ಇದು ಯಾರಿಗೂ ತಿಳಿಯುವಂತಿರಲಿಲ್ಲ. ಫೆನ್‌ಬೆಂಡಜೋಲಿನ ವಿಷಯದಲ್ಲಿ ಅಂಥ ಎಣಿಕೆ ಆಗಿಲ್ಲ.

ಇಷ್ಟನ್ನೂ ಸಹೋದ್ಯೋಗಿಗೆ ಹೇಳಿದೆ. ಪುಡಿಯ ಪೊಟ್ಟಣ ಆಗಲೇ ಅವರ ಮನೆ ಸೇರಿತ್ತು. ಬಿಸಾಡುವ ಮನಸ್ಸು ಅವರಿಗಿಲ್ಲ. ಬಿಸಾಡಿರೆನ್ನುವ ಧೈರ್ಯ ನನಗೂ ಬರಲಿಲ್ಲ. ವೈದ್ಯರಿಗೆ ತೋರಿಸುವ ತನಕ ಬಾಯಿಗೆ ಹಾಕುವುದಿಲ್ಲವೆಂದು ಒಪ್ಪಿದ್ದಾರೆ. ಬರುವ ಸೋಮವಾರ ನಾನೂ ಜೊತೆಗೆ ಹೋಗುತ್ತಿದ್ದೇನೆ.